ನಂಬಿಕೆಯನ್ನೂ ಲೆಕ್ಕಕ್ಕೆ ಬರೆದುಕೊಳ್ಳುವವರು

ಕ್ರೈಸ್ತ ಸಭಾಪಾಲಕನ ಕೆಲಸದಲ್ಲಿ ಭಾನುವಾರದ ಪ್ರಸಂಗಕ್ಕಿಂತ ಕಠಿಣವಾದದ್ದು ಕಾಯಿಲೆಯವರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದು. ಊರು ಬದಲಾದರೂ ಸಭೆ ಬದಲಾದರೂ ಅಲ್ಲಿ ಕೇಳಿಬರುವ ಪ್ರಶ್ನೆ ಬದಲಾಗುವುದಿಲ್ಲ: “ಅಯ್ಯನವರೇ, ನಾನು ಪರಲೋಕ ಸೇರುತ್ತೇನೆಯೇ? ನಾನು ಮಾಡಿರುವುದು ಸಾಕಾಗುತ್ತದೆಯೇ?” ಮೊದಲನೆಯದು ಸಾವು ಹತ್ತಿರ ಬಂದಾಗ ಯಾರಾದರೂ ಕೇಳಬಹುದಾದ ಪ್ರಶ್ನೆ, ಅದಕ್ಕೆ ನನ್ನ ತಕರಾರಿಲ್ಲ. ಎರಡನೆಯದು ನನ್ನ ತಾಳ್ಮೆಯನ್ನು ಪರೀಕ್ಷಿಸುತ್ತದೆ, ಏಕೆಂದರೆ ಅದನ್ನು ಕೇಳುವವರು ಚಿಕ್ಕಂದಿನಲ್ಲಿ ಭಾನುವಾರದ ಶಾಲೆಗೆ ಹೋದವರು, ದೃಢೀಕರಣದ ಪಾಠ ಮುಗಿಸಿದವರು, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸಿದವರು. ರಕ್ಷಣೆಯು ನಂಬಿಕೆಯ ಮೂಲಕ ಕೃಪೆಯಿಂದಲೇ ಆದದ್ದು, ಯಾರೂ ಹೊಗಳಿಕೊಳ್ಳದಂತೆ ಅದು ಕ್ರಿಯೆಗಳಿಂದ ಉಂಟಾಗಲಿಲ್ಲ ಎಂದು ಪೌಲನು ಬರೆದದ್ದು ಅವರಿಗೆ ಗೊತ್ತು. ಗೊತ್ತಿದ್ದೂ ಕೊನೆಗಾಲದಲ್ಲಿ ಲೆಕ್ಕದ ಪುಸ್ತಕ ತೆಗೆಯುತ್ತಾರೆ.

ನಿವೃತ್ತ ನರ್ಸ್ ಒಬ್ಬರು ನಿಜಕ್ಕೂ ಪುಸ್ತಕವನ್ನೇ ತೆಗೆದಿದ್ದರು. ದಿಂಬಿನಡಿಯಿಂದ ಹೊರಬಂದ ಆ ಉದ್ದನೆಯ ನೋಟ್‌ಬುಕ್ಕಿಗೆ ರಬ್ಬರ್ ಬ್ಯಾಂಡ್ ಬಿಗಿದಿತ್ತು. ಒಳಗೆ ದಶಮಾಂಶದ, ಅಂದರೆ ಆದಾಯದ ಹತ್ತನೆಯ ಒಂದು ಪಾಲನ್ನು ಸಭೆಗೆ ಕೊಡುವ ಕಾಣಿಕೆಯ, ರಸೀದಿಗಳನ್ನು ವರ್ಷವಾರು ಅಂಟಿಸಿದ್ದರು. ಒಂದು ಪುಟದಲ್ಲಿ ಸಭೆಯ ಸುಗ್ಗಿಹಬ್ಬದ ಹರಾಜಿನಲ್ಲಿ ಹಟಕ್ಕೆ ಬಿದ್ದು ಕೂಗಿ ಕೊಂಡ ಕುಂಬಳಕಾಯಿಯ ಬೆಲೆಯೂ ಇತ್ತು. ರಾತ್ರಿಪಾಳಿಯಲ್ಲಿ ಎಷ್ಟೋ ಮಂದಿಯ ಕೈಹಿಡಿದು ಕುಳಿತಿದ್ದ ಆ ತಾಯಿ ಅದನ್ನು ಮಾತ್ರ ಎಲ್ಲಿಯೂ ಬರೆದುಕೊಂಡಿರಲಿಲ್ಲ. ಅದು ಕೆಲಸ, ಸಂಬಳ ತೆಗೆದುಕೊಂಡಿದ್ದೇನೆ ಎಂದರು. ನಾನು ಅವರ ಮುಂದೆ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ಓದಿದೆ. ಅಲ್ಲಿ ಕಡೆಯ ತೀರ್ಪಿನ ದಿನ ರಾಜನಾಗಿ ಕೂತ ಕ್ರಿಸ್ತನು, ರೋಗಿಯಾಗಿದ್ದ ನನ್ನನ್ನು ನೋಡಿಕೊಂಡಿರಿ ಎಂದಾಗ ಅವನ ಬಲಗಡೆಯಲ್ಲಿ ನಿಂತವರು, ಸ್ವಾಮೀ, ನಾವು ಯಾವಾಗ ನಿನ್ನನ್ನು ರೋಗಿಯಾಗಿ ಕಂಡೆವು ಎಂದು ಆಶ್ಚರ್ಯಪಡುತ್ತಾರೆ. ತಾವು ಮಾಡಿದ ಉಪಕಾರದ ನೆನಪೇ ಅವರಿಗಿಲ್ಲ. ಈ ಅಧ್ಯಾಯವನ್ನು ಸತ್ಕಾರ್ಯದ ದರಪಟ್ಟಿಯಂತೆ ಉಪಯೋಗಿಸುವವರು ಆ ಆಶ್ಚರ್ಯವನ್ನು ಗಮನಿಸುವುದೇ ಇಲ್ಲ.

ಆದರೂ ಕ್ರಿಯೆಗಳ ಲೆಕ್ಕ ಇಡುವವರನ್ನು ತಿದ್ದುವುದು ಸುಲಭ. ತಿದ್ದಲು ಕಷ್ಟವಾದವರು ಇನ್ನೊಂದು ಬಗೆಯವರು. ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂಬ ಮಾತನ್ನು ಅವರು ಚೆನ್ನಾಗಿ ಕಲಿತಿರುತ್ತಾರೆ, ಆದರೆ ಹಳೆಯ ಖಾತೆಯಲ್ಲಿ ‘ಕ್ರಿಯೆ’ ಎಂದಿದ್ದಲ್ಲಿ ‘ನಂಬಿಕೆ’ ಎಂದು ಬರೆದು ಅದೇ ಲೆಕ್ಕವನ್ನು ಮುಂದುವರಿಸುತ್ತಾರೆ. ಆಗ ನಂಬಿಕೆಯೇ ಪರಲೋಕದ ಬೆಲೆಯಾಗುತ್ತದೆ. ನನ್ನ ನಂಬಿಕೆ ಸಾಕಷ್ಟು ಗಟ್ಟಿಯಾಗಿದೆಯೇ, ಪಶ್ಚಾತ್ತಾಪಪಟ್ಟ ದಿನ ನಾನು ನಿಜವಾಗಿ ಅತ್ತೆನೇ, ಪ್ರಾರ್ಥನೆಯ ಮಾತುಗಳನ್ನು ಸರಿಯಾಗಿ ಹೇಳಿದೆನೇ ಎಂದು ತಮ್ಮ ಎದೆಯನ್ನೇ ತಡಕಾಡುತ್ತ ಕೂರುತ್ತಾರೆ. ಕ್ರಿಯೆಗಳನ್ನಾದರೂ ಎಣಿಸಬಹುದು; ನಂಬಿಕೆಯನ್ನು ಅಳೆಯಲು ಹೊರಟವನಿಗೆ ಹಗಲೂ ನೆಮ್ಮದಿಯಿಲ್ಲ, ರಾತ್ರಿಯೂ ನೆಮ್ಮದಿಯಿಲ್ಲ. ತಾಯಿ ಕ್ಯಾನ್ಸರಿನಿಂದ ತೀರಿಕೊಂಡ ಯುವಕನೊಬ್ಬನಿಗೆ ಪ್ರಾರ್ಥನಾಕೂಟವೊಂದರ ಬೋಧಕರು, ನಿಮ್ಮ ಮನೆಯಲ್ಲಿ ನಂಬಿಕೆ ಕಡಿಮೆಯಿತ್ತು ಎಂದು ಹೇಳಿಬಿಟ್ಟಿದ್ದರು. ಗುಣವಾಗದ್ದಕ್ಕೂ ತಾನೇ ಕಾರಣ, ತಾಯಿಗೆ ಪರಲೋಕ ತಪ್ಪಿದ್ದರೆ ಅದಕ್ಕೂ ತಾನೇ ಕಾರಣ ಎಂದು ಆ ಹುಡುಗ ಊಟ ಬಿಟ್ಟಿದ್ದ. ಇಂಥ ಮಾತನ್ನು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಆಡುವವರ ಬಗ್ಗೆ ನನಗಿರುವ ಅಭಿಪ್ರಾಯವನ್ನು ಅಂಕಣದಲ್ಲಿ ಬರೆಯುವಂತಿಲ್ಲ.

ಹಾಗಾದರೆ ನಂಬಿಕೆ ಏನು ಮಾಡುತ್ತದೆ? ಸಾಲಮನ್ನಾ ಆದ ರೈತನನ್ನು ನೆನೆಯಿರಿ. ಸುದ್ದಿಯನ್ನು ನಂಬಿದವನು ಬ್ಯಾಂಕಿನವರನ್ನು ಕಂಡರೆ ಹಿತ್ತಲ ಬಾಗಿಲಿನಿಂದ ತಪ್ಪಿಸಿಕೊಳ್ಳುವುದನ್ನು ಬಿಟ್ಟು, ತಾನೇ ಹೋಗಿ ತನ್ನ ಪತ್ರಗಳನ್ನು ಕೇಳುತ್ತಾನೆ. ಅವನು ನಂಬಿದ್ದರಿಂದ ಸಾಲ ತೀರಲಿಲ್ಲ. ತೀರಿದ್ದರಿಂದ ನಂಬಲು ಸಾಧ್ಯವಾಯಿತು. ಎದೆಯುಬ್ಬಿಸಿ ಹೋದವನಿಗೂ, ಇದು ನಿಜವೋ ಸುಳ್ಳೋ ಎಂದು ನಡುಗುತ್ತ ಹೋದವನಿಗೂ ಖಾತೆಯಲ್ಲಿ ಕಾಣುವುದು ಒಂದೇ ಸೊನ್ನೆ. ನಂಬದೆ ಮನೆಯಲ್ಲೇ ಅಡಗಿದವನಿಗೆ ಆ ಮನ್ನಾ ಯಾವ ನೆಮ್ಮದಿಯನ್ನೂ ಕೊಡಲಿಲ್ಲ ಎಂಬುದೂ ಅಷ್ಟೇ ನಿಜ. ಈ ಹೋಲಿಕೆಯನ್ನು ಹೆಚ್ಚು ದೂರ ಎಳೆಯಬೇಡಿ. ದೇವರು ಬ್ಯಾಂಕಲ್ಲ, ಪಾಪವೂ ಬರಿಯ ಸಾಲವಲ್ಲ. ನಾನು ಹೇಳಬೇಕಾದದ್ದು ಇಷ್ಟೇ: ಕ್ರೈಸ್ತನ ಭರವಸೆ ನಿಂತಿರುವುದು ಕ್ರಿಸ್ತನು ಶಿಲುಬೆಯಲ್ಲಿ ಮಾಡಿದ್ದರ ಮೇಲೆ, ಅದನ್ನು ತಾನು ಎಷ್ಟು ಬಲವಾಗಿ ನಂಬಿದ್ದೇನೆ ಎಂಬುದರ ಮೇಲೆ ಅಲ್ಲ. ಮಾರ್ಕನ 9ನೆಯ ಅಧ್ಯಾಯದಲ್ಲಿ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಯೇಸು ಅವನನ್ನು, ಹೋಗಿ ನಂಬಿಕೆ ಹೆಚ್ಚಿಸಿಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸಲಿಲ್ಲ.

ಇಷ್ಟಾದ ಮೇಲೆ ಯಾರಾದರೊಬ್ಬರು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯನ್ನು ತೆರೆದೇ ತೆರೆಯುತ್ತಾರೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಅಲ್ಲಿಯೇ ಇದೆಯಲ್ಲ, ಅಬ್ರಹಾಮನು ಕ್ರಿಯೆಗಳಿಂದ ನೀತಿವಂತನೆಂಬ ನಿರ್ಣಯ ಹೊಂದಿದನೆಂದೂ ಇದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಅಬ್ರಹಾಮನ ಕಥೆಯಿರುವ ಆದಿಕಾಂಡದ ಅನುಕ್ರಮವನ್ನು ನೋಡಬೇಕು. ಅಬ್ರಹಾಮನು ದೇವರನ್ನು ನಂಬಿದ್ದು, ಅದು ಅವನಿಗೆ ನೀತಿಯೆಂದು ಎಣಿಸಲ್ಪಟ್ಟದ್ದು 15ನೆಯ ಅಧ್ಯಾಯದಲ್ಲಿ. ಆಗ ಅವನ ಮಗ ಇಸಾಕನು ಇನ್ನೂ ಹುಟ್ಟಿಯೇ ಇರಲಿಲ್ಲ. ಸುನ್ನತಿ ಬರುವುದು 17ರಲ್ಲಿ. ಯಾಕೋಬನು ಎತ್ತಿ ತೋರಿಸುವ ಕ್ರಿಯೆ, ಅಂದರೆ ಆ ಮಗನನ್ನೇ ಬಲಿಪೀಠದ ಮೇಲೆ ಇಟ್ಟದ್ದು, 22ರಲ್ಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಪೌಲನು ಇದೇ ಅನುಕ್ರಮವನ್ನು ಹಿಡಿದು ವಾದಿಸುತ್ತಾನೆ. ಯಾಕೋಬನು ಮಾತಾಡುತ್ತಿರುವುದು ಬಟ್ಟೆ ಊಟಗಳಿಲ್ಲದ ಸಹೋದರನಿಗೆ, ಬೆಂಕಿ ಕಾಯಿಸಿಕೋ, ಹೊಟ್ಟೆತುಂಬ ಊಟಮಾಡು ಎಂದು ಹೇಳಿ ಬರಿಗೈಯಲ್ಲಿ ಕಳುಹಿಸುವವರಿಗೆ. ಪೌಲನ ಎದುರಿಗಿದ್ದ ರೋಗ ಬೇರೆ, ಯಾಕೋಬನ ಎದುರಿಗಿದ್ದ ರೋಗ ಬೇರೆ. ನನ್ನ ಸಭೆಯಲ್ಲಿ ಎರಡೂ ಇವೆ, ಕೆಲವೊಮ್ಮೆ ಒಂದೇ ಮನೆಯಲ್ಲಿ.

ನಮ್ಮ ಪ್ರೊಟೆಸ್ಟೆಂಟರಿಗೆ ಇನ್ನೊಂದು ಅಭ್ಯಾಸವಿದೆ. ಕ್ರಿಯೆಯಿಂದ ರಕ್ಷಣೆ ಎನ್ನುವುದು ರೋಮನ್ ಕಥೋಲಿಕರ ಬೋಧನೆ, ನಾವು 1517ರಲ್ಲೇ ಅದರಿಂದ ಬಿಡುಗಡೆ ಹೊಂದಿದೆವು ಎಂದು ಹೇಳಿ ಮುಗಿಸುವುದು. ಮಾರ್ಟಿನ್ ಲೂಥರ್ ಆ ವರ್ಷ ವಿಟೆನ್‌ಬರ್ಗ್‌ನಲ್ಲಿ 95 ವಾದಗಳನ್ನು ಬರೆದದ್ದು ಪಾಪದ ದಂಡನೆಗೆ ಮಾಫಿಪತ್ರಗಳನ್ನು ಹಣಕ್ಕೆ ಕೊಡುತ್ತಿದ್ದುದನ್ನು ವಿರೋಧಿಸಿ; ಆ ವಿರೋಧ ನ್ಯಾಯವಾದದ್ದೇ. ಆದರೆ ಕೃಪೆಯಿಲ್ಲದೆ ಕೇವಲ ತನ್ನ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲನು ಎನ್ನುವುದನ್ನು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯೇ ತಿರಸ್ಕರಿಸಿತ್ತು. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ಜಂಟಿ ಘೋಷಣೆಗೆ ಸಹಿಹಾಕಿ, ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂದು ಒಟ್ಟಾಗಿ ಒಪ್ಪಿಕೊಂಡವು. 2006ರಲ್ಲಿ ವಿಶ್ವ ಮೆಥಡಿಸ್ಟ್ ಮಂಡಳಿಯೂ ಅದಕ್ಕೆ ಸೇರಿಕೊಂಡಿತು. ಭೇದಗಳೆಲ್ಲ ಅಳಿದಿಲ್ಲ. ಶುದ್ಧೀಕರಣ ಸ್ಥಳವನ್ನು ನಾವು ಒಪ್ಪುವುದಿಲ್ಲ, ಅವರು ಒಪ್ಪುತ್ತಾರೆ. ಆದರೆ ಅದೂ ಸತ್ತ ಮೇಲೆ ಸಿಗುವ ಎರಡನೆಯ ಅವಕಾಶವಲ್ಲ; ದೇವರ ಕೃಪೆಯಲ್ಲೇ ಸತ್ತವರ ಶುದ್ಧೀಕರಣ ಎಂಬುದು ಅವರ ಬೋಧನೆ. ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವ ನೆರೆಯವರನ್ನು ಗೇಲಿಮಾಡುವ ಮೊದಲು ಇಷ್ಟನ್ನಾದರೂ ತಿಳಿದಿರಬೇಕು.

ದೀಕ್ಷಾಸ್ನಾನವಾಗದೆ ಸತ್ತವರ ಗತಿಯೇನು, ಸುವಾರ್ತೆಯನ್ನೇ ಕೇಳದವರ ಗತಿಯೇನು ಎಂಬ ಪ್ರಶ್ನೆಗಳಿಗೆ ಸಭೆಗಳ ಉತ್ತರಗಳು ಒಂದೇ ರೀತಿ ಇಲ್ಲ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರೂ ದೇವರನ್ನು ಪ್ರಾಮಾಣಿಕವಾಗಿ ಹುಡುಕಿದರೆ ರಕ್ಷಣೆ ಹೊಂದಬಹುದು ಎಂದು ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಪ್ರೊಟೆಸ್ಟೆಂಟರಲ್ಲಿ ಹಲವರು ಅಷ್ಟು ಹೇಳಲು ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ. ಕ್ರಿಸ್ತನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿಗೆ ದೀಕ್ಷಾಸ್ನಾನವೂ ಇರಲಿಲ್ಲ, ಸತ್ಕಾರ್ಯಕ್ಕೆ ಸಮಯವೂ ಇರಲಿಲ್ಲ; ಆದರೂ ಆ ದಿನವೇ ಪರದೈಸಿನಲ್ಲಿ ತನ್ನೊಡನೆ ಇರುವೆ ಎಂಬ ಮಾತು ಅವನಿಗೆ ಸಿಕ್ಕಿತು ಎಂದು ಲೂಕನು ಬರೆಯುತ್ತಾನೆ. ಹಾಗಿದ್ದರೆ ನಾನೂ ಕೊನೆಯ ಗಳಿಗೆಯಲ್ಲಿ ನೋಡಿಕೊಳ್ಳುತ್ತೇನೆ ಎನ್ನುವ ಜಾಣರು ಪ್ರತಿ ಸಭೆಯಲ್ಲೂ ಇದ್ದಾರೆ. ಐಸಿಯುವಿನಲ್ಲಿ ಬಾಯಿಗೆ ಕೊಳವೆ ಹಾಕಿ ಮಲಗಿಸಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಕೊನೆಯ ಗಳಿಗೆ ಯಾರ ಅನುಕೂಲಕ್ಕೂ ಕಾದು ಬರುವುದಿಲ್ಲ.

ಸತ್ತವರ ಮನೆಯವರು ನನ್ನ ಕೈಗೆ ಸತ್ಕಾರ್ಯಗಳ ಪಟ್ಟಿ ಕೊಟ್ಟು, ಇದನ್ನು ಆರಾಧನೆಯಲ್ಲಿ ಓದಿಬಿಡಿ, ಅಪ್ಪ ಪರಲೋಕದಲ್ಲಿದ್ದಾರೆ ಎಂದು ಖಚಿತವಾಗಿ ಹೇಳಿಬಿಡಿ ಎನ್ನುವುದುಂಟು. ಅಂಥ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಯಾವ ಸಭಾಪಾಲಕನಿಗೂ ಯಾರೂ ಕೊಟ್ಟಿಲ್ಲ. ಇಲ್ಲ ಎಂದು ಹೇಳುವ ಅಧಿಕಾರವಂತೂ ಮೊದಲೇ ಇಲ್ಲ. ಪಟ್ಟಿಯನ್ನು ನಾನು ಹರಿದು ಹಾಕುವುದಿಲ್ಲ. ಸಮಾಧಿಯ ನಂತರ ಮನೆಯಲ್ಲಿ ಎಲ್ಲರೂ ಕಾಫಿಗೆ ಕೂತಾಗ ಹಿರಿಮಗನೋ ಮಗಳೋ ಅದನ್ನು ಸ್ತೋತ್ರವೆಂದು ಓದಲಿ ಎನ್ನುತ್ತೇನೆ. ಆರಾಧನೆಯಲ್ಲಿ ಮಾತ್ರ ಕ್ರಮಪುಸ್ತಕದಲ್ಲಿರುವುದನ್ನೇ ಓದುತ್ತೇನೆ, ಮತ್ತು ಅದು ತೀರಿಹೋದವರ ಹೆಸರಿನಿಂದ ಆರಂಭವಾಗದೆ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂಬ ಯೇಸುವಿನ ಮಾತಿನಿಂದ ಆರಂಭವಾಗುತ್ತದೆ.