ಸೆಲ್ ಸೈಡ್, ಬೈ ಸೈಡ್: ರಿಸರ್ಚ್ ಅನಲಿಸ್ಟ್ ಆಗಬೇಕೆನ್ನುವವರಿಗೆ ಎರಡು ಪದ

ಇನ್ವೆಸ್ಟ್‌ಮೆಂಟ್ ರಿಸರ್ಚ್ ಅನಲಿಸ್ಟ್, ಅಂದರೆ ಕಂಪನಿಗಳ ಲೆಕ್ಕಪತ್ರ ಓದಿ ಅವುಗಳ ಷೇರು ಕೊಳ್ಳಬೇಕೋ ಬೇಡವೋ ಅಂತ ಹೇಳುವವರ ಕೆಲಸ ಹುಡುಕಲು ಹೊರಟವರ ಕಿವಿಗೆ ಬೇಗನೆ ಬೀಳುವ ಎರಡು ಪದ ಸೆಲ್ ಸೈಡ್ ಮತ್ತು ಬೈ ಸೈಡ್. ಷೇರು ಮಾರುವವರು ಒಂದು ಕಡೆ, ಕೊಳ್ಳುವವರು ಇನ್ನೊಂದು ಕಡೆ ಅಂದುಕೊಂಡರೆ ಪೂರ್ತಿ ದಾರಿ ತಪ್ಪುತ್ತದೆ. ಇಬ್ಬರೂ ಅದೇ ವಾರ್ಷಿಕ ವರದಿ ಓದುತ್ತಾರೆ, ಅದೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕುತ್ತಾರೆ. ಇವರ ಸಂಬಳಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿ, ಆಗ ವ್ಯತ್ಯಾಸ ಕಾಣುತ್ತದೆ.

ಬೈ ಸೈಡ್ ಸುಲಭ. ಮ್ಯೂಚುವಲ್ ಫಂಡ್, ಪಿಂಚಣಿ ನಿಧಿ, ವಿಮಾ ಕಂಪನಿ, ಹೆಡ್ಜ್ ಫಂಡ್, ಹೀಗೆ ಹಣ ಹೂಡುವ ಸಂಸ್ಥೆಗಳೆಲ್ಲ ಇಲ್ಲಿ ಬರುತ್ತವೆ. ಇಲ್ಲಿನ ಅನಲಿಸ್ಟ್ ಬರೆದದ್ದು ಹೊರಗೆ ಹೋಗುವುದಿಲ್ಲ. ಓದುವವರು ಫಂಡ್ ಮ್ಯಾನೇಜರ್ ಮತ್ತು ಪಕ್ಕದ ಮೇಜಿನ ಒಂದಿಬ್ಬರು, ಅಷ್ಟೇ. ಸಂಬಳ ಬರುವುದು ಫಂಡ್ ತೆಗೆದುಕೊಳ್ಳುವ ಶುಲ್ಕದಿಂದ.

ಸೆಲ್ ಸೈಡ್ ಅಂದರೆ ಬ್ರೋಕರೇಜ್ ಸಂಸ್ಥೆಗಳು, ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳು. ಇಲ್ಲಿನ ಅನಲಿಸ್ಟ್ ಒಂದು ಕ್ಷೇತ್ರ ಹಿಡಿದು, ಅದರಲ್ಲಿ ಹತ್ತೋ ಹದಿನೈದೋ ಕಂಪನಿಗಳನ್ನು ಸತತವಾಗಿ ಗಮನಿಸುತ್ತಾನೆ. ಇದಕ್ಕೆ ಕವರೇಜ್ ಅನ್ನುತ್ತಾರೆ. ಪ್ರತಿ ಕಂಪನಿಗೂ ಬೈ (ಕೊಳ್ಳಿ), ಹೋಲ್ಡ್ (ಇಟ್ಟುಕೊಳ್ಳಿ), ಸೆಲ್ (ಮಾರಿ) ಅಂತ ಒಂದು ರೇಟಿಂಗ್, ಜೊತೆಗೊಂದು ಟಾರ್ಗೆಟ್ ಪ್ರೈಸ್, ಅಂದರೆ ಷೇರು ಮುಟ್ಟಬಹುದು ಅಂತ ಅಂದಾಜಿಸಿದ ಬೆಲೆ. ನೀವು ಸುದ್ದಿಯಲ್ಲಿ ನೋಡುವ 'ಈ ಷೇರಿಗೆ ಇಷ್ಟು ಗುರಿ' ಅನ್ನುವ ಮಾತು ಹೆಚ್ಚಾಗಿ ಇಲ್ಲಿಂದಲೇ ಬರುವುದು.

ಸರಿ, ಈ ವರದಿಗೆ ದುಡ್ಡು ಕೊಡುವವರು ಯಾರು? ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಅಮೆರಿಕದಲ್ಲಿ 1975ರ ಮೇ 1ರವರೆಗೆ ಬ್ರೋಕರ್‌ಗಳ ಕಮಿಷನ್ ದರ ನಿಗದಿಯಾಗಿತ್ತು, ಯಾರೂ ಕಡಿಮೆ ಮಾಡುವ ಹಾಗಿರಲಿಲ್ಲ. ಬೆಲೆಯಲ್ಲಿ ಪೈಪೋಟಿ ಮಾಡಲಾಗದ ಮೇಲೆ ಬೇರೇನಾದರೂ ಕೊಡಬೇಕಲ್ವಾ? ದೊಡ್ಡ ಗ್ರಾಹಕರನ್ನು ಸೆಳೆಯಲು ರಿಸರ್ಚ್ ಕೊಟ್ಟರು. 'ನಮ್ಮ ವರದಿ ಓದಿ, ವಹಿವಾಟು ನಮ್ಮ ಮೂಲಕ ಮಾಡಿ' ಅನ್ನುವ ಲೆಕ್ಕ. ದರ ಮುಕ್ತವಾಯಿತು, ಕಮಿಷನ್ ಕುಸಿಯಿತು, ರಿಸರ್ಚ್ ವಿಭಾಗದ ಖರ್ಚು ಮಾತ್ರ ಹಾಗೇ ಉಳಿಯಿತು. ಆ ಖರ್ಚನ್ನು ನಿಧಾನವಾಗಿ ಹೊತ್ತುಕೊಂಡದ್ದು ಅದೇ ಸಂಸ್ಥೆಯ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ವಿಭಾಗ, ಅಂದರೆ ಕಂಪನಿಗಳಿಗೆ ಷೇರು ಬಿಡುಗಡೆ ಮಾಡಿಸಿಕೊಟ್ಟು ಅವುಗಳಿಂದ ಶುಲ್ಕ ಪಡೆಯುವವರು. ಯಾವ ಕಂಪನಿಯ ಬಗ್ಗೆ ಬರೆಯಬೇಕೋ ಅದೇ ಕಂಪನಿ ಪಕ್ಕದ ವಿಭಾಗದ ಗ್ರಾಹಕ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಊಹಿಸಲು ಅನಲಿಸ್ಟ್ ಆಗಬೇಕಿಲ್ಲ.

ಡಾಟ್‌ಕಾಮ್ ಗುಳ್ಳೆ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರುಗಳ ಅತಿ ಏರಿಕೆ, ಒಡೆದ ಮೇಲೆ ತನಿಖೆ ನಡೆಯಿತು. ಹೊರಗೆ 'ಕೊಳ್ಳಿ' ಅಂತ ಬರೆದ ಷೇರುಗಳನ್ನೇ ಕೆಲವರು ಒಳಗಿನ ಈಮೇಲ್‌ಗಳಲ್ಲಿ ಕಸ ಅಂತ ಬೈದುಕೊಂಡಿದ್ದು ಬಯಲಾಯಿತು. 2003ರಲ್ಲಿ ವಾಲ್ ಸ್ಟ್ರೀಟಿನ 10 ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಹೆಸರಾಂತ ಇಬ್ಬರು ಅನಲಿಸ್ಟ್‌ಗಳಿಗೆ ಈ ಉದ್ಯಮದಿಂದ ಆಜೀವ ನಿಷೇಧ. ಅಲ್ಲಿಂದ ಮುಂದೆ ಅನಲಿಸ್ಟ್ ಸಂಬಳವನ್ನು ಬ್ಯಾಂಕಿಂಗ್ ವಿಭಾಗ ನಿರ್ಧರಿಸುವಂತಿಲ್ಲ, ಎರಡು ವಿಭಾಗದ ನಡುವೆ ಗೋಡೆ ಇರಬೇಕು ಅನ್ನುವ ನಿಯಮ ಬಂತು.

ಹಾಗಾದರೆ ಈಗ 'ಸೆಲ್' ರೇಟಿಂಗ್ ಜಾಸ್ತಿ ಆಗಿರಬೇಕಲ್ಲ? ಇಲ್ಲ, ಈಗಲೂ ಅದು ಕಡಿಮೆಯೇ. ಕಾರಣ ದೊಡ್ಡ ಪಿತೂರಿ ಏನಲ್ಲ. ಮಾರಿ ಅಂತ ಬರೆದರೆ ಆ ಕಂಪನಿಯವರು ಫೋನ್ ಎತ್ತುವುದು ಕಮ್ಮಿ ಮಾಡುತ್ತಾರೆ, ಆ ಷೇರನ್ನು ಆಗಲೇ ಇಟ್ಟುಕೊಂಡಿರುವ ಗ್ರಾಹಕರಿಗೂ ಸಿಟ್ಟು ಬರುತ್ತದೆ. ಆದ್ದರಿಂದ ಅನುಭವಿಗಳು ಎಷ್ಟೋ ಸಲ 'ಹೋಲ್ಡ್' ಅನ್ನುವುದನ್ನೇ ಮೆಲ್ಲಗೆ ಹೇಳಿದ 'ಸೆಲ್' ಅಂತ ಓದಿಕೊಳ್ಳುತ್ತಾರೆ.

ಟಾರ್ಗೆಟ್ ಪ್ರೈಸನ್ನೂ ಇದೇ ಎಚ್ಚರದಲ್ಲಿ ನೋಡಿ. ಒಂದು ಷೇರಿನ ಪಾಲಿನ ಲಾಭ 50, ಅದಕ್ಕೆ 20 ಪಟ್ಟು ಬೆಲೆ ಸರಿ ಅಂದರೆ ಗುರಿ 1000. 25 ಪಟ್ಟು ಅಂದುಕೊಂಡರೆ 1250. ಕಂಪನಿಯಲ್ಲಿ ಏನೂ ಬದಲಾಗಿಲ್ಲ, ಎಕ್ಸೆಲ್‌ನ ಒಂದು ಕೋಶದ ಅಂಕಿ ಬದಲಾಯಿತು ಅಷ್ಟೇ. ಹಾಗಾಗಿ ಬೈ ಸೈಡ್‌ನವರು ರೇಟಿಂಗ್ ನೋಡಲು ಈ ವರದಿ ತೆರೆಯುವುದು ಅಪರೂಪ. ಅವರಿಗೆ ಬೇಕಿರುವುದು ಆ ಕ್ಷೇತ್ರದ ಒಳಸುಳಿ ಗೊತ್ತಿರುವ ಮನುಷ್ಯ, ಅವನ ಮಾಡೆಲ್ (ಕಂಪನಿಯ ಮುಂದಿನ ಲಾಭ ಅಂದಾಜಿಸುವ ಎಕ್ಸೆಲ್ ಲೆಕ್ಕ), ಕಂಪನಿ ಆಡಳಿತದ ಜೊತೆ ಅವನು ಏರ್ಪಡಿಸುವ ಭೇಟಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ಯಾವ ಬ್ರೋಕರ್ ಉಪಯೋಗಕ್ಕೆ ಬಂದ ಅಂತ ಫಂಡ್‌ಗಳು ಒಳಗೊಳಗೇ ಮತ ಹಾಕುತ್ತವೆ. ಸೆಲ್ ಸೈಡ್ ಅನಲಿಸ್ಟ್ ಬೋನಸ್ ಮೇಲೆ ಆ ಮತದ ಪ್ರಭಾವ ದೊಡ್ಡದು. ಗುರಿ ತಪ್ಪಿದರೂ ಅವನ ವಾದ ಕೆಲಸಕ್ಕೆ ಬಂದರೆ ಮತ ಬೀಳುತ್ತದೆ. ಬೈ ಸೈಡ್‌ನಲ್ಲಿ ಆ ರಿಯಾಯಿತಿ ಸಿಗುವುದು ಕಷ್ಟ, ವಾದ ಎಷ್ಟೇ ಚೆನ್ನಾಗಿದ್ದರೂ ಷೇರು ಬಿದ್ದರೆ ಫಂಡಿನ ಅಂಕಿಯಲ್ಲಿ ಅದು ಕಾಣಿಸುತ್ತದೆ.

ಹೊಸಬರು ಎಲ್ಲಿ ಶುರುಮಾಡಬೇಕು? ನನ್ನ ಕೇಳಿದರೆ, ಸಿಕ್ಕರೆ ಸೆಲ್ ಸೈಡ್. ಫಲಿತಾಂಶದ ಸೀಸನ್‌ನಲ್ಲಿ ನಿದ್ದೆ ಇರುವುದಿಲ್ಲ, ಸಂಜೆ ಬಂದ ಅಂಕಿಗೆ ಬೆಳಗ್ಗೆ ಮಾರುಕಟ್ಟೆ ತೆರೆಯುವ ಮುಂಚೆ ಟಿಪ್ಪಣಿ ಸಿದ್ಧವಾಗಬೇಕು. ಆದರೆ ಲಾಭ ನಷ್ಟ, ಆಸ್ತಿ ಹೊಣೆ, ನಗದು ಹರಿವು, ಈ ಮೂರೂ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಮಾಡೆಲ್ ಕಟ್ಟುವುದನ್ನು ಅಲ್ಲಿ ಕಲಿತಷ್ಟು ಬೇಗ ಬೇರೆಲ್ಲೂ ಕಲಿಯಲಾಗುವುದಿಲ್ಲ. ವರದಿಯ ಮೇಲೆ ಹೆಸರು ಬರುತ್ತದೆ, ಓದುವವರು ನಾಳೆ ಕೆಲಸ ಕೊಡಬಲ್ಲ ಫಂಡ್‌ನವರು. ಒಂದು ವಿಷಯ ಮಾತ್ರ ಗೊತ್ತಿರಲಿ: ಯುರೋಪಿನಲ್ಲಿ 2018ರ ಜನವರಿಯಿಂದ ಮಿಫಿಡ್ 2 ಅನ್ನುವ ನಿಯಮ ಜಾರಿಯಾಗಿ ರಿಸರ್ಚ್‌ಗೂ ವಹಿವಾಟಿಗೂ ಬೇರೆ ಬೇರೆ ದುಡ್ಡು ಕೊಡಬೇಕಾಯಿತು. ಬೆಲೆ ಕಣ್ಣಿಗೆ ಕಂಡಕೂಡಲೇ ಫಂಡ್‌ಗಳು ಖರ್ಚು ಕಡಿಮೆ ಮಾಡಿದವು. ಆಮೇಲೆ ಆ ನಿಯಮ ಒಂದಷ್ಟು ಸಡಿಲವಾಗಿದ್ದರೂ ಸೆಲ್ ಸೈಡ್ ಕುರ್ಚಿಗಳು ಮೊದಲಿನಷ್ಟಿಲ್ಲ.

ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್ ಅನ್ನುವ ವೃತ್ತಿ ಅರ್ಹತೆ) ಬೇಕಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಮೂರು ಹಂತದ ಪರೀಕ್ಷೆ, ಪ್ರತಿ ಹಂತಕ್ಕೂ ಸುಮಾರು 300 ಗಂಟೆ ಓದಬೇಕು, ಚಾರ್ಟರ್, ಅಂದರೆ ಆ ಅರ್ಹತೆಯ ಪತ್ರ, ಸಿಗಲು 4000 ಗಂಟೆಗಳ ಸಂಬಂಧಪಟ್ಟ ಕೆಲಸದ ಅನುಭವವೂ ಬೇಕು. ಒಳ್ಳೆಯದೇ, ಆದರೆ ಸುಮ್ನೆ ಅದೊಂದನ್ನೇ ಹಿಡಿದು ಕೂತರೆ ಕೆಲಸ ಸಿಗುವುದಿಲ್ಲ. ಸಂದರ್ಶನದಲ್ಲಿ, ಅದರಲ್ಲೂ ಬೈ ಸೈಡ್‌ನಲ್ಲಿ, ಕೇಳುವುದು ಸ್ಟಾಕ್ ಪಿಚ್: ಒಂದು ಕಂಪನಿ ಹೇಳಿ, ಯಾಕೆ ಕೊಳ್ಳಬೇಕು ಅಥವಾ ಮಾರಬೇಕು ಹೇಳಿ. ಎಲ್ಲರೂ ಹೊಗಳುವ ಕಂಪನಿ ಬಿಡಿ. ಸಣ್ಣದೊಂದು ಆರಿಸಿ ಹತ್ತು ವರ್ಷದ ವಾರ್ಷಿಕ ವರದಿ ಓದಿ, ಕೊನೆಯ ಟಿಪ್ಪಣಿಗಳನ್ನು ಬಿಡದೆ. ಲಾಭ ಏರುತ್ತಿದ್ದು ನಗದು ಬರುತ್ತಿಲ್ಲವಾದರೆ ಯಾಕೆ ಅಂತ ಹುಡುಕಿ. ಎರಡು ಪುಟ ಬರೆಯಿರಿ, ಅದರಲ್ಲಿ ಅರ್ಧ ಪುಟ 'ನನ್ನ ಅಂದಾಜು ಸುಳ್ಳಾದರೆ ಯಾವ ಕಾರಣಕ್ಕೆ ಆಗಬಹುದು' ಅನ್ನುವುದಕ್ಕೆ ಇಡಿ. ಎದುರು ಕೂತವರು ಜಾಸ್ತಿ ಹೊತ್ತು ಕೆದಕುವುದು ಆ ಅರ್ಧ ಪುಟವನ್ನೇ.