ಭುಜಕ್ಕಿಂತ ಮೇಲೆ ಹೋದ ಕೈ: ಎಡ್ಗರ್ ವಿಲ್ಷರ್ ಮತ್ತು ಆರು ನೋಬಾಲ್‌ಗಳು

ಹೊಸ ಬೌಲರ್ ಚೆಂಡನ್ನು ಕೈಗೆತ್ತಿಕೊಂಡಾಗ ಅಂಪೈರ್ ಆಗಿ ನಾನು ಕೇಳುವುದು ಎರಡೇ ಪ್ರಶ್ನೆ: ಬಲಗೈಯೋ ಎಡಗೈಯೋ, ಓವರ್ ದಿ ವಿಕೆಟ್ಟೋ ರೌಂಡ್ ದಿ ವಿಕೆಟ್ಟೋ. ಉತ್ತರವನ್ನು ಬ್ಯಾಟರ್‌ಗೆ ತಿಳಿಸಿದರೆ ಆಯಿತು. ಕೈ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಇಂದು ಯಾರಿಗೂ ಬೇಡವಾದ ವಿಷಯ. ಆದರೆ 1862ರ ಆಗಸ್ಟ್ 26ರ ಸಂಜೆ ಲಂಡನ್ನಿನ ಓವಲ್ ಮೈದಾನದಲ್ಲಿ ಒಂದು ಪಂದ್ಯ ಅರ್ಧಕ್ಕೇ ನಿಂತುಹೋದದ್ದು ಆ ಎತ್ತರದ ಕಾರಣಕ್ಕಾಗಿಯೇ.

ಬೌಲರ್ ಎಡ್ಗರ್ ವಿಲ್ಷರ್. 1828ರಲ್ಲಿ ಕೆಂಟ್ ಪ್ರಾಂತ್ಯದ ರೋಲ್ವೆಂಡನ್ ಎಂಬ ಹಳ್ಳಿಯಲ್ಲಿ ಹುಟ್ಟಿ, 1850ರಿಂದ ಕೆಂಟ್ ಪರವಾಗಿ ಆಡುತ್ತಿದ್ದ ಎಡಗೈ ವೇಗಿ. ಅಂದಿನ ನಿಯಮ 1835ರದು: ಚೆಂಡು ಬಿಡುವಾಗ ಕೈ ಭುಜದ ಮಟ್ಟವನ್ನು ದಾಟುವಂತಿಲ್ಲ. ಅದಕ್ಕೂ ಮುಂಚೆ, 1828ರಲ್ಲಿ, ಮೊಣಕೈ ಮಟ್ಟದವರೆಗೆ ಮಾತ್ರ ಅನುಮತಿಯಿತ್ತು. ಅದಕ್ಕೂ ಹಿಂದೆ ಎಲ್ಲರೂ ಕೈ ಕೆಳಗಿಟ್ಟೇ ಎಸೆಯಬೇಕಿತ್ತು. ಪ್ರತಿ ಬಾರಿಯೂ ನಡೆದದ್ದು ಒಂದೇ ಬಗೆ: ಬೌಲರುಗಳು ಮೊದಲು ಕೈ ಎತ್ತಿದರು, ನಿಯಮ ಕೆಲವು ವರ್ಷಗಳ ನಂತರ ಏದುಸಿರು ಬಿಡುತ್ತ ಹಿಂದೆ ಬಂದಿತು.

ಕೈ ಎತ್ತುವುದರಲ್ಲಿ ಅಂಥ ಲಾಭವೇನು ಎಂದು ಕೇಳಬಹುದು. ಭುಜದ ಮಟ್ಟದಲ್ಲಿ ಕೈಯನ್ನು ಪಕ್ಕಕ್ಕೆ ಚಾಚಿ ಬೀಸಿದಾಗ ಚೆಂಡು ಪಿಚ್ಚಿಗೆ ಅಡ್ಡಲಾಗಿ ಓರೆಯಾಗಿ ಸಾಗುತ್ತದೆ. ಬಿಡುವ ಕ್ಷಣ ಕೂದಲೆಳೆಯಷ್ಟು ಆಚೀಚೆಯಾದರೂ ದಿಕ್ಕು ತಪ್ಪಿ ವೈಡ್ ಆಗುತ್ತದೆ. ಅದೇ ಕೈ ನೆಟ್ಟಗೆ ಮೇಲಿದ್ದರೆ ಬೀಸು ಸ್ಟಂಪಿನ ಗೆರೆಯಲ್ಲೇ ಸಾಗುವುದರಿಂದ ಬಿಡುವ ಕ್ಷಣದ ತಪ್ಪು ಉದ್ದಳತೆಯನ್ನು ಕೆಡಿಸಬಹುದೇ ಹೊರತು ದಿಕ್ಕನ್ನು ಅಷ್ಟಾಗಿ ಕೆಡಿಸುವುದಿಲ್ಲ. ಜೊತೆಗೆ ಎತ್ತರದಿಂದ ಇಳಿದ ಚೆಂಡು ಅಂದಿನ ಉಬ್ಬುತಗ್ಗಿನ ಪಿಚ್ಚುಗಳಲ್ಲಿ ಪುಟಿದೇಳುತ್ತಿತ್ತು. ಇದನ್ನು ಬಲ್ಲ ವೃತ್ತಿಪರರು ಕೈಯನ್ನು ಮೆಲ್ಲನೆ ಮೇಲಕ್ಕೆ ಏರಿಸುತ್ತ ಬಂದಿದ್ದರು; ಹೆಚ್ಚಿನ ಅಂಪೈರುಗಳು ಕಂಡೂ ಕಾಣದಂತೆ ಇದ್ದರು.

ಆ ಪಂದ್ಯ ಸರ್ರೆ ಮತ್ತು ಇಂಗ್ಲೆಂಡ್ ತಂಡಗಳ ನಡುವಿನದು. ಇಂಗ್ಲೆಂಡ್ 503 ರನ್ ಗಳಿಸಿತ್ತು. ಸರ್ರೆ ಆಟ ಆರಂಭಿಸಿದ ಸ್ವಲ್ಪ ಹೊತ್ತಿನಲ್ಲೇ ಅಂಪೈರ್ ಜಾನ್ ಲಿಲ್ಲಿವೈಟ್ ವಿಲ್ಷರ್‌ಗೆ ಸತತವಾಗಿ ಆರು ನೋಬಾಲ್ ಕೊಟ್ಟರು. ವಿಲ್ಷರ್ ಚೆಂಡನ್ನು ನೆಲಕ್ಕೆಸೆದು ಹೊರನಡೆದ. ಅವನ ಹಿಂದೆಯೇ ತಂಡದ ಇತರ ವೃತ್ತಿಪರ ಆಟಗಾರರೆಲ್ಲ ಹೊರಟರು. ಮೈದಾನದಲ್ಲಿ ಉಳಿದವರು ಇಬ್ಬರು ಹವ್ಯಾಸಿಗಳು ಮಾತ್ರ. ಅಂದಿನ ಆಟ ಅಲ್ಲಿಗೇ ಮುಗಿಯಿತು. ಮರುದಿನ ಲಿಲ್ಲಿವೈಟ್ ಜಾಗದಲ್ಲಿ ಬೇರೊಬ್ಬ ಅಂಪೈರ್ ನಿಂತರು, ವಿಲ್ಷರ್ ಮೊದಲಿನಂತೆಯೇ ಬೌಲ್ ಮಾಡಿದ.

ಇಲ್ಲೊಂದು ಕುಟುಂಬದ ಕಥೆಯೂ ಇದೆ. ಭುಜದ ಮಟ್ಟದ ಎಸೆತಕ್ಕೆ ಕಾನೂನಿನ ಮನ್ನಣೆ ಸಿಗುವಂತೆ ಮಾಡಿದವರಲ್ಲಿ ಸಸೆಕ್ಸ್‌ನ ವಿಲಿಯಂ ಲಿಲ್ಲಿವೈಟ್ ಪ್ರಮುಖರು. ಅದರ ಮೇಲೆ ಒಂದಂಗುಲ ಏರಿದ ಕೈಯನ್ನು ತಡೆದ ಜಾನ್ ಅವರ ಮಗ.

ಜಾನ್ ಮತ್ತು ವಿಲ್ಷರ್ ಸ್ನೇಹಿತರಾಗಿದ್ದರು, ನಿಯಮ ಬದಲಾಯಿಸುವಂತೆ ಒತ್ತಡ ತರಲು ಇಬ್ಬರೂ ಮೊದಲೇ ಮಾತಾಡಿಕೊಂಡು ಹೂಡಿದ ನಾಟಕವಿದು ಎಂಬ ಗುಮಾನಿ ಹಳೆಯದು. ಒಪ್ಪಂದವಿತ್ತೆಂಬುದನ್ನು ನಾನು ಒಪ್ಪಲಾರೆ. ಆದರೆ ಲಿಲ್ಲಿವೈಟ್ ಮನಸ್ಸಿನಲ್ಲಿ ನಿರ್ಧಾರ ಮೊದಲೇ ಆಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬೌಲರ್ ತುದಿಯಲ್ಲಿ ನಿಂತ ಅಂಪೈರ್‌ನ ಕಣ್ಣು ಮೊದಲು ಪಾದದ ಮೇಲಿರುತ್ತದೆ (ಅಂದು ಹಿಂದಿನ ಪಾದ, ಈಗ ಮುಂದಿನ ಪಾದ), ಅಲ್ಲಿಂದ ನೇರವಾಗಿ ಚೆಂಡಿನತ್ತ ಹಾರುತ್ತದೆ. ನಡುವೆ ಕೈ ಕಣ್ಣಂಚಿನಲ್ಲಿ ಮಿಂಚಿ ಮರೆಯಾಗುವ ಒಂದು ನೆರಳು ಮಾತ್ರ. ಅದರ ಎತ್ತರವನ್ನು ಖಚಿತವಾಗಿ ಹೇಳಬೇಕಾದರೆ ಪಾದವನ್ನು ಬಿಟ್ಟು ಕೈಯನ್ನೇ ನೋಡುತ್ತೇನೆಂದು ಮುಂಚಿತವಾಗಿ ತೀರ್ಮಾನಿಸಿರಬೇಕು. ಒಂದು ನೋಬಾಲ್ ಅಕಸ್ಮಾತ್ತಾಗಿ ಬರಬಹುದು, ಒಂದರ ಹಿಂದೊಂದು ಆರು ಬರುವುದಿಲ್ಲ.

1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಶ್ರೀಲಂಕಾದ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್‌ಗೆ ಅಂಪೈರ್ ಡ್ಯಾರೆಲ್ ಹೇರ್ ಏಳು ನೋಬಾಲ್ ಕೊಟ್ಟ ಪ್ರಸಂಗವನ್ನು ಇದರೊಂದಿಗೆ ಹೋಲಿಸುವವರಿದ್ದಾರೆ. ಬೌಲರ್ ತುದಿಯಿಂದ ಕೈ ನೋಡಿದ್ದು ಎರಡರಲ್ಲೂ ಸಾಮಾನ್ಯ. ಆದರೆ ಮೆಲ್ಬರ್ನ್‌ನ ಪ್ರಶ್ನೆ ಮೊಣಕೈ ಸೆಟೆಯುವುದರ ಬಗ್ಗೆ, ಓವಲ್‌ನದು ಬರೀ ಎತ್ತರದ ಬಗ್ಗೆ. ವಿಲ್ಷರ್ ಚೆಂಡನ್ನು ಜಗ್ಗಿ ಎಸೆಯುತ್ತಿದ್ದಾನೆ ಎಂಬುದು ಲಿಲ್ಲಿವೈಟ್ ಆಕ್ಷೇಪವಾಗಿರಲಿಲ್ಲ.

1864ರ ಜೂನ್ 10ರಂದು ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಕ್ಲಬ್ಬಾದ ಎಂಸಿಸಿ ಎತ್ತರದ ಮಿತಿಯನ್ನೇ ತೆಗೆದುಹಾಕಿತು. ಆಗ ವಿಲ್ಷರ್‌ಗೆ 35 ವರ್ಷ. ಅನಂತರವೂ 1875ರವರೆಗೆ ಆಡಿ, ಪ್ರಥಮ ದರ್ಜೆಯಲ್ಲಿ 1,300ಕ್ಕೂ ಹೆಚ್ಚು ವಿಕೆಟ್ ಪಡೆದ. 1868ರಲ್ಲಿ ಇಂಗ್ಲಿಷ್ ವೃತ್ತಿಪರರ ತಂಡದ ನಾಯಕನಾಗಿ ಅಮೆರಿಕ ಮತ್ತು ಕೆನಡಾಕ್ಕೆ ಹೋದಾಗ ಎದುರಾಳಿ ತಂಡಗಳು 22 ಜನರನ್ನು ಕಣಕ್ಕಿಳಿಸುತ್ತಿದ್ದವು. ಅವನು ತೀರಿಕೊಂಡದ್ದು 1885ರಲ್ಲಿ.

ಈಗಿನ ನಿಯಮಪುಸ್ತಕದ 21ನೇ ನಿಯಮ ಮಗುಚಿಬಿದ್ದಿದೆ: ಪಂದ್ಯಕ್ಕೆ ಮುನ್ನ ವಿಶೇಷ ಒಪ್ಪಂದವಿಲ್ಲದಿದ್ದರೆ ಕೈ ಕೆಳಗಿಟ್ಟು ಎಸೆದ ಚೆಂಡೇ ನೋಬಾಲ್. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಒಮ್ಮೆಯೂ ಕೊಡಬೇಕಾಗಿ ಬಂದಿಲ್ಲ.