ಕಣಜದ ಗಾಳಿ ಎತ್ತ ಸಾಗುತ್ತದೆ?

ಕುಮಟಾ ಗಜನಿಯ (ಉಪ್ಪುನೀರಿನ ಗದ್ದೆಯ) ಕಗ್ಗ ಭತ್ತವಿರಲಿ, ಶಿರಸಿ ಕಡೆ ಪಣತದಲ್ಲಿ, ಅಂದರೆ ಕಣಜದಲ್ಲಿ, ತುಂಬಿಟ್ಟ ಭತ್ತವಿರಲಿ, ಕಾಳು ಉಸಿರಾಡುತ್ತಲೇ ಇರುತ್ತದೆ. ತೇವ ಶೇ. 14ರೊಳಗಿದ್ದರೆ ಆ ಉಸಿರು ಇದ್ದೂ ಇಲ್ಲದಂತೆ. ಆದರೆ ಗಾಳಿಯ ತೇವ ಶೇ. 75 ದಾಟಿದರೆ ಚೆನ್ನಾಗಿ ಒಣಗಿದ ಭತ್ತವೂ ಆ ಮಿತಿ ಮೀರಿ ಹೀರಿಕೊಳ್ಳುತ್ತದೆ. ಕಾರವಾರದ ಮಳೆಗಾಲದಲ್ಲಿ ಅದು ತಪ್ಪಿದ್ದಲ್ಲ. ಆಮೇಲೆ ಬೂಸ್ಟು, ನುಸಿ. ಈ ಉಸಿರಾಟದಲ್ಲಿ 180 ಗ್ರಾಂ ಸಕ್ಕರೆಯಂಶ ಖರ್ಚಾದರೆ 264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು, ಮೇಲೆ ಕಾವು. ಪಕ್ಕದ ಕಾಳನ್ನು ಕೆಡಿಸುವುದು ಆ ನೀರೇ.

ಇಂಗಾಲದ ಡೈಆಕ್ಸೈಡ್ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹಾಗಾಗಿ ತಳದಲ್ಲೇ ಕೂರುತ್ತದೆ ಎಂಬುದು ಬಹಳ ಜನರ ಲೆಕ್ಕ. ಸಿಲಿಂಡರಿನಿಂದ ಅಪ್ಪಟ ಅನಿಲ ಬಿಟ್ಟಾಗ ಸರಿ. ಬಯಲುಸೀಮೆಯಲ್ಲಿ ನೆಲದಡಿ ಧಾನ್ಯ ಇಡುವ ಹಗೇವಿನ ತಣ್ಣನೆಯ ಗುಂಡಿಯಲ್ಲೂ ಸರಿ. (ಅಲ್ಲಿ ದೀಪ ಇಳಿಸಿ, ಉರಿಯಿತೆಂದು ಇಳಿಯುವುದು ಅಪಾಯ. ದೀಪ ಆರುವ ಮೊದಲೇ ಮನುಷ್ಯನಿಗೆ ತಲೆಸುತ್ತು ಬಂದಿರಬಹುದು.) ಕಾವೇರಿದ ರಾಶಿಯ ಕಥೆ ಬೇರೆ. ಗಾಳಿಯಲ್ಲಿ ಶೇ. 1ರಷ್ಟು ಅನಿಲ ಬೆರೆತರೆ ತೂಕ ಏರುವುದು ಶೇ. ಅರ್ಧದಷ್ಟು. ಅದೇ ಗಾಳಿ 10 ಡಿಗ್ರಿ ಬಿಸಿಯಾದರೆ ಶೇ. 3ರಷ್ಟು ಹಗುರ. ಮೇಲಕ್ಕೇ ಏರುತ್ತದೆ.

ಗಾಳಿ ಅಲುಗದ ಕಡೆಯೂ ಅನಿಲ ತಾನಾಗಿ ಹರಡುತ್ತದೆ. ಭತ್ತದ ರಾಶಿಯಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಖಾಲಿ, ಆದರೆ ಕಾಳುಗಳ ಸಂದಿಯ ದಾರಿ ಡೊಂಕು. ಒಂದು ಮೀಟರ್ ದಾಟಲು ಒಂದು ದಿನದ ಮೇಲೆ ಬೇಕು. ಎರಡು ಮೀಟರಿಗೆ ದುಪ್ಪಟ್ಟಲ್ಲ, ನಾಲ್ಕು ಪಟ್ಟು ಹೊತ್ತು. ಕಾವು ಮಾತ್ರ ಆ ಒಂದು ಮೀಟರಿಗೇ ತಿಂಗಳು ಮೀರಿ ತೆಗೆದುಕೊಳ್ಳುತ್ತದೆ. ರಾಶಿಯೊಳಗೆ ಕೈಯಿಟ್ಟು ‘ತಣ್ಣಗಿದೆ’ ಎಂದರೆ ನಂಬುವಂತಿಲ್ಲ.

ಒಳಗೆ ಕೆಡುತ್ತಿರುವ ಸುಳಿವು ಮೊದಲು ತಲುಪುವುದು ಅನಿಲದಿಂದಲೇ. ಅದನ್ನು ಅಳೆಯಲು, ತುದಿಯಲ್ಲಿ ಕಾಳು ನುಗ್ಗದಷ್ಟು ಸಣ್ಣ ತೂತು ಕೊರೆದ ಕೊಳವೆಯನ್ನು ಮೀಟರ್ ಆಳಕ್ಕೆ ಚುಚ್ಚಿ, ಪುಟ್ಟ ಪಂಪಿನಿಂದ ಗಾಳಿ ಎಳೆದು ಇಂಗಾಲದ ಡೈಆಕ್ಸೈಡ್ ಅಳೆಯುವ ಉಪಕರಣಕ್ಕೆ ಕೊಡಬೇಕು. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಇರುತ್ತದೆ. ರಾಶಿಯಲ್ಲಿ 600 ಬಂದರೆ ಗಾಬರಿ ಬೇಡ. ವಾರದಿಂದ ವಾರಕ್ಕೆ ಏರುತ್ತ 1500 ದಾಟಿತೋ, ಒಳಗೆ ಕೆಡುತ್ತಿದೆ. ಬಾಗಿ ಓದುವವರ ಉಸಿರಲ್ಲೇ 40,000 ಪಿಪಿಎಂ ಇರುತ್ತದೆ, ಬಚ್ಚಲ ಒಲೆಯ ಹೊಗೆಯೂ ಲೆಕ್ಕ ಕೆಡಿಸುತ್ತದೆ. ಒಲೆ ಹೊತ್ತಿಸುವ ಮೊದಲು, ಬೆಳಗಿನ ಜಾವ ಅಳೆಯುವುದು ಒಳ್ಳೆಯದು. ನಾಲ್ಕು ಕಡೆ ಚುಚ್ಚಿ, ಅಂಕಿ ಹೆಚ್ಚಿರುವ ಮೂಲೆಯ ಭತ್ತವನ್ನಷ್ಟೇ ಮೊದಲು ಅಂಗಳಕ್ಕೆ ತೆಗೆದು ಹರವಿ.